ಕ್ರೈಫ್ ಯಾರು ಅಂತ ಕೇಳಿದ್ದೀರಲ್ಲ

ನಮಸ್ಕಾರ. ಆಮ್‌ಸ್ಟರ್‌ಡ್ಯಾಮಿಗೆ ಹೊಸದಾಗಿ ಬಂದಿದ್ದೇವೆ, ಆಫೀಸಿನಲ್ಲಿ ಮೊನ್ನೆ ಸೇರಿದ ಹುಡುಗನೂ ಮ್ಯಾನೇಜರ್ ಮಾತನ್ನು ಎದುರಿಗೇ ತಳ್ಳಿಹಾಕುತ್ತಾನೆ, ಊಟಕ್ಕೆ ಕೂತರೆ ಕ್ರೈಫ್ ಮಾತು ಬರುತ್ತದೆ, ಹತ್ತು ವರ್ಷದ ಮಗ ಫುಟ್‌ಬಾಲ್ ಅಂತ ಹಟ ಹಿಡಿದಿದ್ದಾನೆ ಎಂದು ಬರೆದಿದ್ದೀರಿ. ನಾನು ಇಲ್ಲಿಗೆ ಬಂದು ಬಹಳ ವರ್ಷವಾಯಿತು. ನಿಮ್ಮ ಮೂರೂ ಪ್ರಶ್ನೆಗೆ ಆ ಮನುಷ್ಯನ ಕತೆಯಿಂದಲೇ ಉತ್ತರ ಹೇಳುತ್ತೇನೆ.

ಫುಟ್‌ಬಾಲ್ ಆಟಗಾರ, ಆಮೇಲೆ ಕೋಚ್ ಆದ ಯೋಹಾನ್ ಕ್ರೈಫ್ ಇದೇ ಊರಿನವರು, ಹುಟ್ಟಿದ್ದು 1947ರಲ್ಲಿ. ಮನೆ ಹತ್ತಿರವೇ ಆಯಾಕ್ಸ್ ಕ್ಲಬ್ಬಿನ ಮೈದಾನ. ಹತ್ತನೇ ವಯಸ್ಸಿಗೆ ಅಲ್ಲಿಗೆ ಸೇರಿದರು. ಹನ್ನೆರಡಕ್ಕೆ ತಂದೆ ತೀರಿಕೊಂಡರು, ತಾಯಿ ಅದೇ ಕ್ಲಬ್ಬಿನಲ್ಲಿ ಕಸಗುಡಿಸುವ ಕೆಲಸ ಮಾಡಿ ಸಂಸಾರ ನಡೆಸಿದರು. ಮುಂದೆ 1971ರಿಂದ ಸತತ ಮೂರು ವರ್ಷ ಆಯಾಕ್ಸ್‌ಗೆ ಯುರೋಪಿಯನ್ ಕಪ್, ಅಂದರೆ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಕಪ್. 1973ರಲ್ಲಿ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿಗೆ ಹೋದರು. 1960ರಿಂದ ಲೀಗ್ ಗೆಲ್ಲದಿದ್ದ ತಂಡ ಆ ಸೀಸನ್ನಿನಲ್ಲೇ ಗೆದ್ದಿತು.

ಕಪ್ಪುಗಳ ಲೆಕ್ಕ ಬಿಡಿ, ನೆದರ್‌ಲ್ಯಾಂಡ್ಸ್ ಮತ್ತು ಪಶ್ಚಿಮ ಜರ್ಮನಿ ಆಡಿದ 1974ರ ವಿಶ್ವಕಪ್ ಫೈನಲ್ಲಿನ ಮೊದಲ ಎರಡು ನಿಮಿಷದ ವಿಡಿಯೋ ಹುಡುಕಿ ನೋಡಿ. ಡಚ್ಚರು ತಮ್ಮತಮ್ಮಲ್ಲೇ ಚೆಂಡು ದಾಟಿಸುತ್ತಿದ್ದಾರೆ. ಮುಂದೆ ನಿಂತು ಗೋಲು ಹೊಡೆಯಬೇಕಾದ ಕ್ರೈಫ್ ಗೋಲ್‌ಕೀಪರ್ ಬಿಟ್ಟು ತಮ್ಮ ತಂಡದವರೆಲ್ಲರಿಗಿಂತ ಹಿಂದೆ ಬಂದು ಚೆಂಡು ತೆಗೆದುಕೊಳ್ಳುತ್ತಾರೆ. ನಿಧಾನ, ನಿಧಾನ, ಆಮೇಲೆ ಒಂದೇ ಓಟ. ಪೆನಾಲ್ಟಿ ಏರಿಯಾದಲ್ಲಿ ಬೀಳಿಸದೆ ಜರ್ಮನರಿಗೆ ಬೇರೆ ದಾರಿಯಿರಲಿಲ್ಲ. ಪೆನಾಲ್ಟಿ, ಗೋಲು. ಅಲ್ಲಿಯವರೆಗೆ ಒಬ್ಬ ಜರ್ಮನ್ ಆಟಗಾರನಿಗೂ ಚೆಂಡು ಸಿಕ್ಕಿರಲಿಲ್ಲ. ಕೊನೆಗೆ ಪಂದ್ಯ 2–1ರಿಂದ ಹೋಯಿತು, ಆದರೂ ವಯಸ್ಸಾದವರು ಇವತ್ತಿಗೂ ಆ ಆಟವನ್ನು ಅಭಿಮಾನದಿಂದಲೇ ವರ್ಣಿಸುತ್ತಾರೆ.

ನನಗೆ ಆಟಗಾರನಿಗಿಂತ ಕೋಚ್ ಕ್ರೈಫ್ ದೊಡ್ಡವರು. 1988ರಲ್ಲಿ ಬಾರ್ಸಿಲೋನಾಕ್ಕೆ ಕೋಚ್ ಆಗಿ ಮರಳಿದರು. ತರಬೇತಿಯ ಜೀವಾಳವೇ ರೊಂಡೊ: ಸುತ್ತ ನಿಂತವರು ಚೆಂಡು ದಾಟಿಸಬೇಕು, ನಡುವಿನವರು ಕಸಿಯಬೇಕು. ಜಾಗ ಇಕ್ಕಟ್ಟು, ಹಾಗಾಗಿ ಚೆಂಡು ಕಾಲಿಗೆ ಬರುವ ಮೊದಲೇ ಮುಂದಿನದನ್ನು ಯೋಚಿಸಿರಬೇಕು. ತೆಳ್ಳಗಿದ್ದ, ವೇಗವೂ ಇಲ್ಲದ ಗ್ವಾರ್ಡಿಯೊಲಾ ಎಂಬ ಹುಡುಗನನ್ನು ತಂದು ಮೈದಾನದ ನಡುವೆ ನಿಲ್ಲಿಸಿದ್ದು, ಕಾಲಿನ ವೇಗಕ್ಕಿಂತ ಯೋಚನೆಯ ವೇಗ ಮುಖ್ಯ ಎಂಬ ಈ ನಂಬಿಕೆಯಿಂದಲೇ. 1991ರಿಂದ ಸತತ ನಾಲ್ಕು ಲೀಗ್, 1992ರಲ್ಲಿ ವೆಂಬ್ಲಿಯಲ್ಲಿ ಕ್ಲಬ್ಬಿನ ಮೊದಲ ಯುರೋಪಿಯನ್ ಕಪ್. ಸಾಧು ಸ್ವಭಾವದವರೇನಲ್ಲ, 1996ರಲ್ಲಿ ಆಡಳಿತದವರ ಜೊತೆ ಜಗಳವಾಗಿಯೇ ಹೊರಬಿದ್ದರು.

ಈಗ ನಿಮ್ಮ ಆಫೀಸು. ಕ್ರೈಫ್ ಹುಡುಗನಾಗಿದ್ದಾಗಲೇ ತನಗಿಂತ ಹಿರಿಯ ಆಟಗಾರರಿಗೆ ಕೈತೋರಿಸಿ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದರು. ಇಲ್ಲಿ ಅದನ್ನು ಉದ್ಧಟತನ ಅಂತ ಎಣಿಸುವುದಿಲ್ಲ, ಕೆಲಸದ ಮೇಲಿನ ಕಾಳಜಿ ಅಂತ ನೋಡುತ್ತಾರೆ. ಆ ಹುಡುಗ ಮ್ಯಾನೇಜರ್‌ಗೆ ಅವಮಾನ ಮಾಡುತ್ತಿಲ್ಲ. ನೀವು ಮರ್ಯಾದೆಗೆಂದು ಸುಮ್ಮನಿದ್ದರೆ ನಿಮಗೆ ಹೇಳಲು ಏನೂ ಇಲ್ಲ ಅಂದುಕೊಳ್ಳುತ್ತಾರೆ. ಹೇಳಿ, ಆದರೆ ಕಾರಣ ಕೊಟ್ಟು ಹೇಳಿ. ವಾದ ಮುಗಿದ ಮೇಲೆ ಒಟ್ಟಿಗೇ ಕಾಫಿಗೆ ಹೋಗುತ್ತಾರೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಮಗನನ್ನು ಖಂಡಿತ ಸೇರಿಸಿ. ಹತ್ತಿರದ ಹವ್ಯಾಸಿ ಕ್ಲಬ್ಬಿನಲ್ಲಿ ಈಗಲೇ ಹೆಸರು ಬರೆಸಿ, ಕೆಲವು ಕಡೆ ಕಾಯುವವರ ಪಟ್ಟಿ ಉದ್ದವಿರುತ್ತದೆ. ಅಲ್ಲಿಯವರೆಗೆ ಬಡಾವಣೆಯಲ್ಲಿ ಕ್ರೈಫ್ ಕೋರ್ಟ್ ಇದೆಯಾ ನೋಡಿ. ಅವರ ಹೆಸರಿನ ಪ್ರತಿಷ್ಠಾನ ಮಾಡಿಸಿದ ಪುಟ್ಟ ಕೃತಕ ಹುಲ್ಲಿನ ಮೈದಾನ, ಮಕ್ಕಳು ಯಾವಾಗ ಬೇಕಾದರೂ ಹೋಗಿ ಆಡಬಹುದು. ಕ್ಲಬ್ ಸೇರಿದ ಮೇಲೆ ಶನಿವಾರ ಬೆಳಿಗ್ಗೆ ಪಂದ್ಯವಿರುತ್ತದೆ. ಬೇರೆ ಊರಿನ ಪಂದ್ಯಕ್ಕೆ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವುದು, ಕ್ಯಾಂಟೀನಿನಲ್ಲಿ ಸರದಿ ಮೇಲೆ ನಿಲ್ಲುವುದು ಅಪ್ಪ-ಅಮ್ಮಂದಿರ ಪಾಲು. ಆ ಸರದಿಯನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ನನಗೆ ಇಲ್ಲಿನ ಸ್ನೇಹಿತರು ಸಿಕ್ಕಿದ್ದು ಆಫೀಸಿನಲ್ಲಲ್ಲ, ಆ ಕ್ಯಾಂಟೀನಿನಲ್ಲಿ.