ಕಾಸರಗೋಡಿನ ಮಂಜೇಶ್ವರ ಕಡೆಯ ಕುಟುಂಬಶ್ರೀ (ಕೇರಳ ಸರಕಾರದ ಹೆಂಗಸರ ಸ್ವಸಹಾಯ ಯೋಜನೆ) ಸಂಘದಲ್ಲಿ ಕನ್ನಡ, ತುಳು, ಮಲಯಾಳದ ಹೆಂಗಸರು ಒಟ್ಟಿಗಿದ್ದಾರೆ. ಮುಂದಾಳ್ತನ ಮಾತ್ರ ಒಬ್ಬಿಬ್ಬರಲ್ಲೇ ಉಳಿಯುತ್ತದೆ, ಏನು ಮಾಡಬಹುದು?

ಮೊದಲು ಮಿನಿಟ್ಸ್ ಪುಸ್ತಕ ನೋಡಿ. ಮಲಯಾಳ ಬರೆಯಲು ಬರುವವರೇ ಸೆಕ್ರೆಟರಿ, ಉಳಿದವರದು ಓದದೆ ಹಾಕುವ ಸಹಿ. ಪಂಚಾಯತ್ ಕಚೇರಿಗೂ ಬ್ಯಾಂಕಿಗೂ ಅವರೇ ಓಡಾಡುವುದರಿಂದ ಮುಂದಿನ ಸಲವೂ ಅವರೇ ಆಯ್ಕೆಯಾಗುತ್ತಾರೆ. ಇದು ಜಗಳದ ವಿಷಯವಲ್ಲ, ಅಭ್ಯಾಸದ್ದು.

ಸಭೆ ತುಳುವಿನಲ್ಲೋ ಎಲ್ಲರಿಗೂ ಬರುವ ಮಾತಿನಲ್ಲೋ ನಡೆಯಲಿ. ತೀರ್ಮಾನವನ್ನು ಮಲಯಾಳದಲ್ಲಿ ಬರೆದು ಅದರ ಕೆಳಗೇ ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಗಟ್ಟಿಯಾಗಿ ಓದಿದ ಮೇಲಷ್ಟೇ ಸಹಿ. ಸಾಲದ ಮೊತ್ತ, ಕಂತು, ಬಡ್ಡಿ ಅಂಕಿಯಲ್ಲಿರಲಿ, ಅದು ಎಲ್ಲರಿಗೂ ಗೊತ್ತಾಗುತ್ತದೆ. ಬರೆಯುವ ಕೆಲಸಕ್ಕೆ ಸೆಕ್ರೆಟರಿಯ ಜೊತೆ ಇನ್ನೊಬ್ಬರನ್ನು ಕೂರಿಸಿ. ಕೆಲವು ತಿಂಗಳಲ್ಲಿ ಅವರ ಕೈಯೂ ಪಳಗುತ್ತದೆ.

10ರಿಂದ 20 ಮಂದಿಯ ಅಯಲ್ಕೂಟದಲ್ಲಿ, ಅಂದರೆ ಕುಟುಂಬಶ್ರೀಯ ನೆರೆಹೊರೆ ಸಂಘದಲ್ಲಿ, ಅಧ್ಯಕ್ಷೆ, ಸೆಕ್ರೆಟರಿಯಲ್ಲದೆ ಆರೋಗ್ಯ, ಆದಾಯ, ಮೂಲಸೌಕರ್ಯಕ್ಕೆ ತಲಾ ಒಬ್ಬ ವಾಲಂಟಿಯರ್ ಇರುತ್ತಾರೆ. ಈ ಐದು ಮಂದಿಯೇ ವಾರ್ಡ್ ಮಟ್ಟದ ಎಡಿಎಸ್ (ವಾರ್ಡಿನ ಎಲ್ಲ ಅಯಲ್ಕೂಟಗಳ ಒಕ್ಕೂಟ) ಸಭೆಗೆ ಹೋಗುವವರು, ಆದ್ದರಿಂದ ಆ ಮೂರು ಸ್ಥಾನಗಳನ್ನು ಹೆಸರಿಗೆ ಮಾತ್ರ ತುಂಬಬೇಡಿ. ಅಧ್ಯಕ್ಷೆ ಒಂದು ಭಾಷೆಯವರಾದರೆ ಸೆಕ್ರೆಟರಿ ಇನ್ನೊಂದು ಭಾಷೆಯವರಾಗಲಿ. ಕೇರಳದ ಪಂಚಾಯತ್‌ಗಳಲ್ಲಿ ಅರ್ಧ ಸೀಟು ಹೆಂಗಸರಿಗೇ ಮೀಸಲು. ಎಡಿಎಸ್‌ನಲ್ಲಿ ಮಾತಾಡಿ ಪಳಗಿದವರಿಗೆ ಪಂಚಾಯತ್ ಚುನಾವಣೆಗೆ ನಿಲ್ಲುವುದೂ ಸುಲಭ.