ಟೈಲ್ ಮೇಲೆ ಹಳೇ ಕಾಲದ ದೃಶ್ಯ ಬರೆಯಲಾ, ದಿನನಿತ್ಯದ ಬದುಕು ಬರೆಯಲಾ?

ನೀಲಿ-ಬಿಳಿ ಟೈಲ್‌ಗಳಲ್ಲಿ ಗೋಡೆಗೊಂದು ಚಿತ್ರ ಮಾಡಬೇಕು, ಇತಿಹಾಸದ ದೊಡ್ಡ ದೃಶ್ಯ ಒಳ್ಳೆಯದಾ, ಮನೆಯೊಳಗಿನ ಬದುಕು ಒಳ್ಳೆಯದಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಎರಡು ತಿಂಗಳು ಕೂತಿದ್ದೆ. ಕೊನೆಗೆ ಇತಿಹಾಸ ಗೆದ್ದಿತು. ಹಾಯಿ ಹಡಗುಗಳು, ಕೆಳಗೆ ಸಮುದ್ರ, ಮೇಲೆ ಆಕಾಶ. ಅಡ್ಡಕ್ಕೆ ಎಂಟು, ಮೇಲಿಂದ ಕೆಳಕ್ಕೆ ಆರು, ಒಟ್ಟು 48 ಟೈಲ್.

ಕೆಲಸ ಹೀಗಿರುತ್ತೆ. ಒಂದು ಸಲ ಸುಟ್ಟ ಟೈಲ್ ಮೇಲೆ ತವರದ ಆಕ್ಸೈಡ್ ಬೆರೆಸಿದ ಬಿಳಿ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಸುರಿಯಬೇಕು. ಒಣಗಿದ ಮೇಲೆ ಅದು ಸುಣ್ಣ ಬಳಿದ ಗೋಡೆಯ ಹಾಗೆ, ಬೆರಳು ತಾಗಿದರೆ ಪುಡಿ. ಆ ಪುಡಿಯ ಮೇಲೆಯೇ ಬಣ್ಣ ಬರೆಯಬೇಕು. ತಪ್ಪಿದರೆ ಅಳಿಸುವ ಮಾತೇ ಇಲ್ಲ. ಹಾಗಾಗಿ ಹಳೇ ಡಚ್ ಕೆಲಸಗಾರರ ಉಪಾಯವನ್ನೇ ಹಿಡಿದೆ. ಕಾಗದದಲ್ಲಿ ಹಡಗು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಟೈಲ್ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ಮೆಲ್ಲಗೆ ತಟ್ಟಿದೆ. ಚುಕ್ಕಿ ಚುಕ್ಕಿಯಾಗಿ ಹಡಗು ಮೂಡಿತು. ಆ ಇದ್ದಿಲು ಟೈಲ್ ಸುಡುವ ಗೂಡಿನಲ್ಲಿ, ಅಂದರೆ ಕಿಲ್ನ್‌ನಲ್ಲಿ, ಉರಿದುಹೋಗುತ್ತೆ, ಗುರುತೂ ಉಳಿಯಲ್ಲ. ಇದನ್ನು ನೋಡಲು ಬಂದ ಸ್ನೇಹಿತರಿಗೆಲ್ಲ ದೊಡ್ಡ ಪಂಡಿತನ ಹಾಗೆ ವಿವರಿಸಿದ್ದೆ.

ಈಗ ನನ್ನ ತಪ್ಪು ಕೇಳಿ. ಯಾವ ಟೈಲ್ ಎಲ್ಲಿಗೆ ಅಂತ ಗೊತ್ತಾಗಲು ಎಲ್ಲದರ ಹಿಂಭಾಗದಲ್ಲೂ ನಂಬರ್ ಬರೆದಿದ್ದೆ. ಪೆನ್ಸಿಲ್‌ನಲ್ಲಿ.

ಇದ್ದಿಲೂ ಇಂಗಾಲ, ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟೂ ಇಂಗಾಲ. ಮುಂದೆ ಬಳಿದದ್ದು ಉರಿದುಹೋಗುತ್ತೆ ಅಂತ ಗೊತ್ತಿದ್ದವನಿಗೆ, ಹಿಂದೆ ಬರೆದದ್ದೂ ಉರಿದುಹೋಗುತ್ತೆ ಅಂತ ಹೊಳೆಯಲಿಲ್ಲ. ಒಳಗೆ ಸಾವಿರ ಡಿಗ್ರಿ ದಾಟಿರುತ್ತೆ, ಅದಕ್ಕೆ ಮುಂದೆ ಯಾವುದು ಹಿಂದೆ ಯಾವುದು? ಸಾಲದ್ದಕ್ಕೆ, ಕಿಲ್ನ್‌ನಲ್ಲಿ ಟೈಲ್‌ಗಳನ್ನು ಚಿತ್ರದ ಸಾಲಿನಲ್ಲಿ ಜೋಡಿಸಿರಲಿಲ್ಲ, ಜಾಗ ಸಿಕ್ಕ ಕಡೆ ತುರುಕಿದ್ದೆ. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ನಂಬರ್ ಇದೆಯಲ್ಲ, ಫೋಟೋ ಯಾಕೆ?

ಮರುದಿನ ಬಾಗಿಲು ತೆಗೆದೆ. ನೀಲಿ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಐದು ನಿಮಿಷ ಹಿಂಭಾಗ ನೋಡಲೇ ಇಲ್ಲ. ಆಮೇಲೆ ಒಂದನ್ನು ತಿರುಗಿಸಿದೆ. ಬೋಳು. ಇನ್ನೊಂದು, ಅದೂ ಬೋಳು.

ಹಡಗಿನ 16 ಟೈಲ್ ಅರ್ಧ ಗಂಟೆಯಲ್ಲಿ ಕೂಡಿಬಂದವು, ಚುಚ್ಚಿದ ಕಾಗದ ಇತ್ತಲ್ಲ. ಆಕಾಶದ 16, ಅಲೆಯ 16 ಮಾತ್ರ ಕಾಗದವಿಲ್ಲದೆ ಕೈಬೀಸಿ ಬರೆದಿದ್ದೆ. ನಾನು ಬರೆದ ಬಣ್ಣ ಕೋಬಾಲ್ಟ್ ಆಕ್ಸೈಡ್, ಅದು ಸುಡುವ ಮೊದಲು ಕಪ್ಪಗಿರುತ್ತೆ, ನೀಲಿ ಆಗುವುದು ಬೆಂಕಿಯಲ್ಲಿ. ಹಾಗಾಗಿ ಎಲ್ಲಿ ತಿಳಿ, ಎಲ್ಲಿ ದಟ್ಟ ಅನ್ನುವ ನೆನಪೂ ಕೈಕೊಟ್ಟಿತು. ಚೌಕದ ಟೈಲ್ ನಾಲ್ಕು ಕಡೆಗೂ ತಿರುಗುತ್ತೆ, ಇದನ್ನು ಮರೆಯಬೇಡಿ. ಮೂರು ದಿನ ನೆಲದ ಮೇಲೆ ಮಂಡಿಯೂರಿ ಮೋಡ ಹುಡುಕಿದೆ. ಸಿಗಲಿಲ್ಲ.

ಬ್ರೆಜಿಲ್‌ನ ಕಲಾವಿದೆ ಆಡ್ರಿಯಾನಾ ವರೆಜಾವ್ ಹೀಗೆ ಅದಲುಬದಲಾದ ಟೈಲ್ ಗೋಡೆಯ ಹಾಗೆ ಅಲೆಗಳನ್ನು ಬೇಕೆಂದೇ ಕಲಸಿ ದೊಡ್ಡ ಕೃತಿ ಮಾಡಿದ್ದಾರೆ ಅಂತ ಒಬ್ಬರು ಸಮಾಧಾನ ಹೇಳಿದರು. ಅವರು ಯೋಚಿಸಿ ಮಾಡಿದ್ದು, ನಾನು ಪೆನ್ಸಿಲ್‌ನಿಂದ ಮಾಡಿದ್ದು.

ಅದೇ ಕಿಲ್ನ್‌ನಲ್ಲಿ ಮೂಲೆ ತುಂಬಲಿ ಅಂತ ಒಂಬತ್ತು ಬಿಡಿ ಟೈಲ್ ಇಟ್ಟಿದ್ದೆ. ಬಾಗಿಲ ಬಳಿ ಬಿಟ್ಟ ಚಪ್ಪಲಿ, ಸುತ್ತಿಕೊಂಡ ಚಾರ್ಜರ್ ವೈರ್, ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ, ಇಂಥವು. ಅವಕ್ಕೆ ನಂಬರೇ ಬೇಕಿರಲಿಲ್ಲ. 17ನೇ ಶತಮಾನದ ಡಚ್ಚರ ಡೆಲ್ಫ್ಟ್ ಟೈಲ್‌ಗಳ ಜಾಣತನ ನನಗೆ ಅರ್ಥವಾಗಿದ್ದೇ ಆವತ್ತು. ಸುಮಾರು 13 ಸೆಂಟಿಮೀಟರ್ ಚೌಕ, ನಡುವೆ ಆಟದ ಚಕ್ರ ಉರುಳಿಸುವ ಹುಡುಗನೋ ಮೀನುಗಾರನೋ, ನಾಲ್ಕು ಮೂಲೆಗೂ ಪುಟ್ಟ ಅಲಂಕಾರ. ಹೇಗೆ ಜೋಡಿಸಿದರೂ ಅಕ್ಕಪಕ್ಕದ ನಾಲ್ಕು ಟೈಲ್ ಮೂಲೆಗಳು ಸೇರಿ ಒಂದು ಹೂವಿನಂತಾಗುತ್ತೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಇತಿಹಾಸ ಬೇರೆ, ದಿನನಿತ್ಯ ಬೇರೆ ಅಂತ ಯಾರು ಹೇಳಿದ್ದು? ಆ ಚಕ್ರದ ಹುಡುಗ, ಅವನನ್ನು ಬರೆದವನಿಗೆ ಬೀದಿಯ ಹುಡುಗ, ನಮಗೆ ಇತಿಹಾಸ. ಪೋರ್ಚುಗಲ್‌ನ ಪೋರ್ಟೊ ನಗರದ ಸಾವ್ ಬೆಂಟೊ ರೈಲು ನಿಲ್ದಾಣದಲ್ಲಿ ಜೋರ್ಜ್ ಕೊಲಾಸೊ ಬರೆದ ಸುಮಾರು 20,000 ಟೈಲ್‌ಗಳಿವೆ. 1415ರಲ್ಲಿ ಪೋರ್ಚುಗೀಸರು ಉತ್ತರ ಆಫ್ರಿಕಾದ ಸೆವುಟಾ ನಗರ ಗೆದ್ದ ದೃಶ್ಯವೂ ಅಲ್ಲಿದೆ, ನೀರಿನ ಗಿರಣಿಯ ಕೆಲಸವೂ ಅದೇ ಹಾಲ್‌ನಲ್ಲಿದೆ. ನೀವು ಆರಿಸಬೇಕಾದದ್ದು ಒಂದೇ: ಹಲವು ಟೈಲ್ ಸೇರಿ ಒಂದು ಚಿತ್ರವಾ, ಒಂದೊಂದು ಟೈಲೂ ಒಂದು ಚಿತ್ರವಾ? ಮೊದಲ ಸಲ ಆದರೆ ಎರಡನೆಯದು. ಇದರಲ್ಲಿ ಚರ್ಚೆ ಬೇಡ. ಒಂದು ಸೀಳಿದರೂ ಅದೊಂದನ್ನೇ ಮತ್ತೆ ಮಾಡಬಹುದು.

ದೊಡ್ಡ ದೃಶ್ಯವೇ ಬೇಕು ಅಂತ ಹಟ ಇದ್ದರೆ, ಟೈಲ್ ನೀವೇ ಮಾಡುವುದಾದರೆ ಮಣ್ಣು ಹಸಿಯಿರುವಾಗಲೇ ಹಿಂದೆ ಮೊಳೆಯಿಂದ ಗೀರಿ. ಅಡ್ಡಸಾಲಿಗೆ ಅಕ್ಷರ, ಉದ್ದಸಾಲಿಗೆ ಅಂಕಿ, ಜೊತೆಗೆ ಮೇಲೆ ಯಾವ ಕಡೆ ಅಂತ ಬಾಣ. ಸುಟ್ಟ ಟೈಲ್ ತಂದಿದ್ದರೆ ಕಬ್ಬಿಣದ ಆಕ್ಸೈಡ್ ನೀರಲ್ಲಿ ಕಲಸಿ ತೆಳುವಾಗಿ ಬರೆಯಿರಿ, ಕಂದು ಬಣ್ಣದಲ್ಲಿ ಉಳಿಯುತ್ತೆ. ಹಿಂದೆ ಗ್ಲೇಜ್ ಮೆತ್ತಿದ್ದರೆ ಒರೆಸಿಬಿಡಿ, ಇಲ್ಲದಿದ್ದರೆ ಕಿಲ್ನ್ ತಟ್ಟೆಗೆ ಅಂಟಿ ಕೂರುತ್ತೆ. ಪೋರ್ಚುಗಲ್‌ನ ಹಳೇ ಟೈಲ್‌ಗಳನ್ನು ಗೋಡೆಯಿಂದ ಬಿಚ್ಚಿದರೆ ಹಿಂದೆ ಇಂಥದ್ದೇ ಅಕ್ಷರ, ಅಂಕಿ ಕಾಣುತ್ತವೆ. ನಾನು ಪುಸ್ತಕಗಳಲ್ಲಿ ಮುಂಭಾಗ ಮಾತ್ರ ನೋಡಿದ್ದೆ.

ಹಡಗಿನ ಫಲಕ ಗೋಡೆ ಹತ್ತಲಿಲ್ಲ, ಡಬ್ಬದಲ್ಲಿದೆ. ಚಪ್ಪಲಿ ಟೈಲ್ ಸಿಂಕ್ ಮೇಲಿದೆ. ಬಂದವರು ಯಾರ ಚಪ್ಪಲಿ ಅಂತ ಕೇಳುತ್ತಾರೆ.