ಎಫ್ ಬಿಡಿ, ಮೊದಲು ಇ ಹಿಡಿಯಿರಿ

ಪ್ರಶ್ನೆ: ಸರ್, ಮಗಳಿಗೆ ಅಂತ ತಂದ ಅಕೌಸ್ಟಿಕ್ ಗಿಟಾರ್, ಅವಳು ಕೈಬಿಟ್ಟ ಮೇಲೆ ನನ್ನ ಪಾಲಿಗೆ ಬಂದಿದೆ. ವಿಡಿಯೊ ನೋಡಿಕೊಂಡು ಮೂರು ವಾರದಿಂದ ಸಿ, ಜಿ, ಎಫ್ ಎಂಬ, ಕೆಲವು ಸ್ವರ ಒಟ್ಟಿಗೆ ನುಡಿಯುವ ಮೇಜರ್ ಕಾರ್ಡ್‌ಗಳ ಜೊತೆ ಒದ್ದಾಡುತ್ತಿದ್ದೇನೆ. ಬೆರಳ ತುದಿ ಉರಿಯುತ್ತದೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಎಫ್ ಅಂತೂ ಬರೀ ಟಪ್ ಟಪ್ ಅನ್ನುತ್ತದೆ. ಚಿಕ್ಕಂದಿನಲ್ಲಿ ಎರಡು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆ, ಅದೇನಾದರೂ ಇಲ್ಲಿ ಉಪಯೋಗಕ್ಕೆ ಬರುತ್ತದಾ? 42 ವಯಸ್ಸು ಇದಕ್ಕೆ ಜಾಸ್ತಿ ಆಯ್ತಾ?
— ಓದುಗರೊಬ್ಬರು, ಹಾಸನ

ಉತ್ತರ: ವಯಸ್ಸಿನ ಮಾತು ಬಿಡಿ, ನೀವು ಎಡವಿದ್ದು ಎಫ್ ಹತ್ತಿರ. ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿಗಳ ನಡುವಿನ ಮೊದಲ ಮನೆಯಲ್ಲಿ, ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು, ಮೂರು ವಾರದ ಕೈಗೆ ಆ ಬಲ ಎಲ್ಲಿಂದ ಬರಬೇಕು? ಇದೇ ಎಫ್ ಮೇಲಿನ ಸಿಟ್ಟಿಗೆ ನಾನೂ ಎರಡು ತಿಂಗಳು ಗಿಟಾರನ್ನು ಅಟ್ಟಕ್ಕೆ ಹಾಕಿದ್ದೆ. ಸದ್ಯಕ್ಕೆ ಇ, ಎ, ಡಿ ಮೂರೇ ಸಾಕು.

ಮೊದಲು ಟ್ಯೂನರ್ ಆ್ಯಪ್ ಇಟ್ಟುಕೊಂಡು ಶ್ರುತಿ ಮಾಡಿ. ತೆಳು ತಂತಿ ಒಂದನೆಯದು, ದಪ್ಪದ್ದು ಆರನೆಯದು. ಇ ಕಾರ್ಡಿಗೆ ತೋರುಬೆರಳು ಮೂರನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ, ನಡುಬೆರಳು ಐದನೇ ತಂತಿಯಲ್ಲಿ, ಉಂಗುರ ಬೆರಳು ನಾಲ್ಕನೇ ತಂತಿಯಲ್ಲಿ, ಇವೆರಡೂ ಎರಡನೇ ಫ್ರೆಟ್ಟು. ಈಗ ದಪ್ಪ ತಂತಿಯಿಂದ ಒಂದೊಂದಾಗಿ ಮೀಟಿ. ಸ ಪ ಸ ಗ ಪ ಸ! ಕೇಳಿಸಿತಲ್ವಾ? ಷಡ್ಜ, ಅಂತರ ಗಾಂಧಾರ, ಪಂಚಮ ಒಟ್ಟಿಗೆ ನುಡಿದರೆ ಅದೇ ಮೇಜರ್ ಕಾರ್ಡ್. ತೋರುಬೆರಳನ್ನು ಮಾತ್ರ ಎತ್ತಿ ಮತ್ತೆ ಮೀಟಿ ನೋಡಿ. ಗಾಂಧಾರ ಒಂದು ಫ್ರೆಟ್ ಇಳಿದು ಸಾಧಾರಣ ಗಾಂಧಾರ ಆಯಿತು, ಕಾರ್ಡ್ ಮೈನರ್ ಆಗಿ ಮುಖ ಸಪ್ಪಗೆ ಮಾಡಿಕೊಂಡಿತು. ಎರಡು ವರ್ಷ ಸರಳೆ ಹಾಡಿದ ಕಿವಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಕಾರ್ಡ್ ಬದಲಾಯಿಸುವುದು. ನೀವು ಪ್ರತಿ ಸಲ ಎಲ್ಲ ಬೆರಳೂ ಎತ್ತಿ ಹೊಸದಾಗಿ ಜಾಗ ಹುಡುಕುತ್ತಿರಬೇಕು. ಮೂರನೇ ತಂತಿಯ ಮೇಲಿರುವ ತೋರುಬೆರಳನ್ನು ಎತ್ತಲೇಬೇಡಿ. ಇ ಇಂದ ಎಗೆ ಹೋಗುವಾಗ ಅದನ್ನು ಸುಮ್ನೆ ಎರಡನೇ ಫ್ರೆಟ್ಟಿಗೆ ಜಾರಿಸಿ, ನಡುಬೆರಳನ್ನು ನಾಲ್ಕನೇ ತಂತಿಗೆ, ಉಂಗುರ ಬೆರಳನ್ನು ಎರಡನೇ ತಂತಿಗೆ ಅದೇ ಫ್ರೆಟ್ಟಿನಲ್ಲಿ ಇಡಿ. ಜಾಗ ಇಕ್ಕಟ್ಟು, ತೋರುಬೆರಳು ಸ್ವಲ್ಪ ಹಿಂದೆ ಉಳಿಯುತ್ತದೆ, ಪರವಾಗಿಲ್ಲ. ಡಿಗೆ ಹೋಗುವಾಗ ತೋರುಬೆರಳು ಅಲ್ಲೇ ಇರಲಿ, ಉಂಗುರ ಬೆರಳು ಅದೇ ತಂತಿಯಲ್ಲಿ ಮೂರನೇ ಫ್ರೆಟ್ಟಿಗೆ ಜಾರಲಿ, ನಡುಬೆರಳು ಒಂದನೇ ತಂತಿಯ ಎರಡನೇ ಫ್ರೆಟ್ಟಿಗೆ ಹಾರಲಿ. ಎ ನುಡಿಸುವಾಗ ಐದನೇ ತಂತಿಯಿಂದ, ಡಿಗೆ ನಾಲ್ಕನೆಯದರಿಂದ ಮೀಟಿ. ದಿನಾ ಒಂದು ನಿಮಿಷ ಟೈಮರ್ ಇಟ್ಟು ಎಷ್ಟು ಸಲ ಬದಲಾಯಿಸಿದಿರಿ ಎಣಿಸಿ. 30 ದಾಟಿದ ಮೇಲೆ ಸಿ, ಜಿಗೆ ವಾಪಸ್ ಹೋಗಿ.

ಉರಿ ವಿಷಯ. ಫ್ರೆಟ್ ಕಂಬಿಗೆ ಅಂಟಿಕೊಂಡಂತೆ, ಅದರ ಹಿಂದೆಯೇ ಒತ್ತಿದರೆ ಅರ್ಧ ಬಲ ಸಾಕು. ಎಡಗೈ ಉಗುರು ಪೂರ್ತಿ ತೆಗೆದಿರಬೇಕು. ಆದರೂ ಕಷ್ಟ ಅನ್ನಿಸಿದರೆ 12ನೇ ಫ್ರೆಟ್ಟಿನಲ್ಲಿ ತಂತಿ ಎಷ್ಟು ಎತ್ತರ ಇದೆ ಅಂತ ಸ್ಕೇಲ್ ಇಟ್ಟು ನೋಡಿ. 3 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ತಪ್ಪು ನಿಮ್ಮದಲ್ಲ, ಗಿಟಾರ್ ರಿಪೇರಿ ಮಾಡುವವರ ಹತ್ತಿರ ತಗ್ಗಿಸಿಕೊಳ್ಳಿ, ಹಾಗೇ 10ರ ಗೇಜಿನ ತೆಳು ತಂತಿ ಹಾಕಿಸಿ. ನಿಮ್ಮ ಮಗಳು ಗಿಟಾರ್ ಬಿಟ್ಟಿದ್ದಕ್ಕೂ ಇದೇ ಕಾರಣ ಇರಬಹುದು, ಒಮ್ಮೆ ಕೇಳಿ ನೋಡಿ.